ಹಲ್ಲಿ ಮಾಮ ನಿಂತು ತೆಗೆಯಬೇಕಾದ ಮೂರು ಫೋಟೋ

"ಅಮ್ಮಾ, ಹಲ್ಲಿ ಮಾಮ ಯಾಕೆ ಯಾವಾಗ್ಲೂ ನೆಲದ ಮೇಲೆ ಬಿದ್ಕೊಂಡೇ ಫೋಟೋ ತೆಗೀತಾರೆ? ಅವರಿಗೆ ನಿಂತ್ಕೊಳ್ಳೋಕೆ ಬರಲ್ವಾ?"

ಕಡ್ಡಿ ಇದನ್ನು ಕೇಳಿದ್ದು ಮೂಳೆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ, ಇನ್ನೂ ಹಸಿಯಾಗಿದ್ದ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ಆರು ವರ್ಷದ ಹುಡುಗಿ. ಎಷ್ಟು ತಿನ್ನಿಸಿದರೂ ಮೈಗೆ ಹತ್ತದ ಕಾರಣ ಮನೆಯಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಕಡ್ಡಿ. ಅವಳಮ್ಮನ ಒಂದು ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಂದರಲ್ಲಿ ಮಾತ್ರೆ ಚೀಟಿ, ಹಲ್ಲಿನ ನಡುವೆ ಕೊಡೆಯ ಹಿಡಿಕೆಯ ದಾರ. ದಾರ ಬಿಡಿಸಿಕೊಂಡು, "ಅವರನ್ನೇ ಕೇಳೋಣ" ಎಂದಳು. ಕೇಳಬೇಕಾದದ್ದು ಹೇಗೂ ಇತ್ತು. ಕಡ್ಡಿಯ ಕೈ ಮುರಿದದ್ದೇ ಹಲ್ಲಿ ಮಾಮ ತೆಗೆದ ಫೋಟೋದಿಂದ.

ಆದದ್ದು ಇಷ್ಟು. ಹಿಂದಿನ ವಾರ, ಹಲ್ಲಿ ಮಾಮನ ಅಕ್ಕ ನಡೆಸುವ ನೃತ್ಯದ ಕ್ಲಾಸಿನ ಮಕ್ಕಳೆಲ್ಲ ತಂದೆತಾಯಿಯರ ಮುಂದೆ ಕುಣಿದು ತೋರಿಸಿದ್ದರು. ಕಡ್ಡಿಗೆ ಕಪ್ಪೆಯ ಪಾತ್ರ. ಕಪ್ಪೆ ಒಂದೇ ಸಲ ಹಾರಬೇಕು. ಅಭ್ಯಾಸದಲ್ಲಿ ಎಂದೂ ನೆಲದಿಂದ ನಾಲ್ಕು ಬೆರಳು ದಾಟದ ಕಪ್ಪೆ ಅಂದೂ ದಾಟಲಿಲ್ಲ. ಆದರೆ ಹಲ್ಲಿ ಮಾಮ ದೊಡ್ಡವರ ಕಾಲುಗಳ ನಡುವೆ ತೂರಿ, ಹೊಟ್ಟೆಯ ಮೇಲೆ ಮಲಗಿ, ಗಲ್ಲವನ್ನು ನೆಲಕ್ಕೊತ್ತಿ ಒಂದು ಫೋಟೋ ತೆಗೆದ. ಅದರಲ್ಲಿ ಕಡ್ಡಿ ಆಕಾಶದಲ್ಲಿದ್ದಳು. ಹಿಂದೆ ಸಾಲಾಗಿ ಕೂತಿದ್ದ ಮಕ್ಕಳ ತಲೆಗಳಿಗಿಂತ ಮೇಲೆ ಅವಳ ಹಸಿರು ಕಾಲುಚೀಲ. ಮನೆಯವರೆಲ್ಲ ಹಿಗ್ಗಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕಡ್ಡಿ ಐದು ದಿನ ಅದರ ಮುಂದೆ ನಿಂತು ನೋಡಿದಳು. ಆರನೆಯ ದಿನ, ಮಂಗಳವಾರ ಬೆಳಿಗ್ಗೆ, ಮಹಡಿ ಮೆಟ್ಟಿಲಿನ ತಿರುವಿನಿಂದ ಕೆಳಗಿನ ಅಂಗಳಕ್ಕೆ ಹಾರಿದಳು.

"ನಂಗೆ ಹಾರೋಕೆ ಬರುತ್ತಲ್ಲ," ಅಳುವಿನ ನಡುವೆಯೂ ವಾದ ಬಿಡಲಿಲ್ಲ. "ಫೋಟೋದಲ್ಲಿದೆಯಲ್ಲ."

ಹಲ್ಲಿ ಮಾಮ ಅವರ ಮಹಡಿಯ ಮನೆಯವನು. ನಲವತ್ತನಾಲ್ಕು ವರ್ಷ. ನಾಟಕ, ನೃತ್ಯಗಳ ಫೋಟೋ ತೆಗೆಯುವುದನ್ನು ಬಿಟ್ಟು ಬೇರೆ ಕೆಲಸ ಮಾಡಿದವನಲ್ಲ. ಮದುವೆ, ಹುಟ್ಟುಹಬ್ಬಕ್ಕೆ ಕರೆದರೆ, "ನಗಿ ಅಂತ ಹೇಳೋದು ನನ್ನಿಂದ ಆಗಲ್ಲ" ಎಂದು ಕೈ ಮುಗಿಯುತ್ತಿದ್ದ. ಹಲ್ಲಿ ಎಂಬುದು ನಾಟಕದವರು ಇಟ್ಟ ಹೆಸರು. ರಂಗದ ಅಂಚಿನಲ್ಲಿ ಇದ್ದಾನೋ ಇಲ್ಲವೋ ಎಂಬಂತೆ ಅಂಟಿಕೊಂಡಿರುತ್ತಾನೆ, ಹಠಾತ್ತನೆ ಒಂದು ಸಲ ಚಲಿಸುತ್ತಾನೆ, ಮತ್ತೆ ಅಂಟಿಕೊಳ್ಳುತ್ತಾನೆ. ಆದರೆ ಆ ಸ್ಥಿರತೆಯೆಲ್ಲ ಪರದೆ ಎದ್ದಿರುವಷ್ಟು ಹೊತ್ತು ಮಾತ್ರ. ಮನೆಯಲ್ಲಿ ಅವನ ಕಾಲು ಒಂದು ಕಡೆ ನಿಲ್ಲದು. ಕೆಳಗಿನ ಮನೆಯ ಛಾವಣಿಯಲ್ಲಿ ದಿನವಿಡೀ ಅವನ ಹೆಜ್ಜೆ ಕೇಳುತ್ತದೆ: ಅಡುಗೆಮನೆಗೆ ಎಂಟು, ಕಿಟಕಿಗೆ ಆರು, ಮರಳಿ ಎಂಟು. ಮಗುವನ್ನು ಮಲಗಿಸುವಾಗ ಕಡ್ಡಿಯ ಅಮ್ಮ ಆ ಹೆಜ್ಜೆಯ ಲೆಕ್ಕಕ್ಕೇ ಬೆನ್ನು ತಟ್ಟುವುದನ್ನು ರೂಢಿ ಮಾಡಿಕೊಂಡಿದ್ದಳು.

ಅಂದು ಮಧ್ಯಾಹ್ನ ಕಡ್ಡಿ ನಿದ್ದೆ ಹೋದಮೇಲೆ ಅವಳು ಮೆಟ್ಟಿಲು ಹತ್ತಿದಳು. ಜಗಳಕ್ಕೆ ಅಲ್ಲ. ಜಗಳದ ಮಾತನ್ನು ಮೂರನೆಯ ಮೆಟ್ಟಿಲಲ್ಲೇ ನುಂಗಿಕೊಂಡಿದ್ದಳು. ಮಗುವಿಗೆ ಆ ಫೋಟೋದ ಗುಟ್ಟು ಬಿಡಿಸಿ ಹೇಳಿ ಎಂದು ಕೇಳುವುದಷ್ಟೇ ಅವಳ ಕೆಲಸ. ಇಲ್ಲದಿದ್ದರೆ ಪ್ಲಾಸ್ಟರು ಬಿಚ್ಚಿದ ಮರುದಿನ ಹುಡುಗಿ ಮಹಡಿಯಿಂದಲೇ ಹಾರುತ್ತಾಳೆ.

ಬಾಗಿಲು ತೆರೆದವನ ಅಂಗಿಯ ಮುಂಭಾಗ ಎಂದಿನಂತೆ ಸವೆದು ಬಣ್ಣಗೆಟ್ಟಿತ್ತು. ಬೆನ್ನಿನ ಕಡೆ ಹೊಸ ಅಂಗಿ, ಎದೆಯ ಕಡೆ ಹಳೆಯದು. ಎರಡನೆಯ ಗುಂಡಿ ಒಂದು ಬಣ್ಣ, ಮೂರನೆಯದು ಇನ್ನೊಂದು. ನೆಲಕ್ಕೆ ಉಜ್ಜಿ ಉಜ್ಜಿ ಗುಂಡಿಗಳು ಒಡೆಯುವುದರಿಂದ ಸಿಕ್ಕಿದ್ದನ್ನು ಹೊಲಿದುಕೊಳ್ಳುತ್ತಿದ್ದ.

"ಕಡ್ಡಿ ಕೈ ಹೇಗಿದೆ?" ಎಂದ, ಅವಳು ಬಾಯಿ ತೆರೆಯುವ ಮೊದಲೇ. "ಬೆಳಿಗ್ಗೆ ಕೂಗು ಕೇಳಿಸ್ತು. ಓಡಿ ಬರೋಷ್ಟರಲ್ಲಿ ನೀವು ಆಟೋ ಹತ್ತಿಬಿಟ್ಟಿದ್ರಿ."

"ನಾಲ್ಕು ವಾರ ಪ್ಲಾಸ್ಟರು ಅಂದ್ರು. ಅಣ್ಣಾ, ಅವಳದ್ದೊಂದು ಪ್ರಶ್ನೆ ತಂದಿದೀನಿ," ಎಂದು ಮಗಳ ಮಾತನ್ನು ಹಾಗೇ ಒಪ್ಪಿಸಿದಳು. ನಿಂತ್ಕೊಳ್ಳೋಕೆ ಬರಲ್ವಾ ಎಂಬಲ್ಲಿಗೆ ಬಂದಾಗ ಅವನು ನಕ್ಕ. ಫ್ರಿಜ್ಜಿನ ಮೇಲಿನ ಫೋಟೋ, ಆಮೇಲೆ ಮೆಟ್ಟಿಲು ಎಂದಾಗ ನಗು ನಿಂತಿತು. ಅಡುಗೆಮನೆಗೆ ಹೋಗಿ ಬಂದ. ಕಿಟಕಿಗೆ ಹೋಗಿ ಬಂದ.

"ಕೂತ್ಕೊಳ್ಳಿ ಅಣ್ಣ."

"ಕೂತ್ರೆ ಹೇಳೋಕಾಗಲ್ಲ ಕಡ್ಡಿಯಮ್ಮ. ಓಡಾಡ್ತಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

ಅವನು ಓಡಾಡುತ್ತಾ ಹೇಳಿದ್ದು, ಅವಳು ಮುರುಕು ಸ್ಟೂಲಿನ ಮೇಲೆ ಕೂತು ಕತ್ತು ತಿರುಗಿಸಿ ತಿರುಗಿಸಿ ಕೇಳಿದ್ದು, ಇದು.

ಅವನ ಅಪ್ಪ ಒಂದು ನಾಟಕಶಾಲೆಯಲ್ಲಿ ದೀಪದ ಕೆಲಸದವನು. ಅಕ್ಕ, ತಮ್ಮ ಇಬ್ಬರೂ ಬೆಳೆದದ್ದು ಅಲ್ಲೇ, ಬಿಸಿ ಬಲ್ಬಿನ ವಾಸನೆ ಮತ್ತು ಪರದೆಯ ಧೂಳಿನ ನಡುವೆ. ಯಾರೋ ಪ್ರೇಕ್ಷಕರು ಕುರ್ಚಿಯ ಕೆಳಗೆ ಒಂದು ಕ್ಯಾಮೆರಾ ಮರೆತು ಹೋದರು. ಒಂದು ವರ್ಷ ಅದು ಮ್ಯಾನೇಜರರ ಕಪಾಟಿನಲ್ಲಿ ಕೂತಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಮ್ಯಾನೇಜರರು ಅದನ್ನು ಅಪ್ಪನಿಗೆ ಕೊಟ್ಟರು, ಅಪ್ಪ ಇವನಿಗೆ. ಅಕ್ಕ ಇವನಿಗಿಂತ ಮೂರು ವರ್ಷ ದೊಡ್ಡವಳು, ಅದೇ ಕಟ್ಟಡದ ಮೇಲಿನ ಹಾಲಿನಲ್ಲಿ ನೃತ್ಯ ಕಲಿಯುತ್ತಿದ್ದಳು. ಮೊದಲ ರೀಲು ಪೂರ್ತಿ ಅಕ್ಕನದೇ. ಬಚ್ಚಲುಮನೆಗೆ ಕೆಂಪು ಬಲ್ಬು ಹಾಕಿ ಫೋಟೋ ತೊಳೆಯುವಾಗ ಅಕ್ಕ ಮಗುಚಿದ ಬಕೆಟ್ಟಿನ ಮೇಲೆ ಕೂತು ತಟ್ಟೆಯ ನೀರನ್ನೇ ನೋಡುತ್ತಿದ್ದಳು. ಬಿಳಿ ಹಾಳೆಯಲ್ಲಿ ಮೊದಲು ಕಪ್ಪು ಕೂದಲು ಮೂಡುತ್ತಿತ್ತು, ಆಮೇಲೆ ಮೊಣಕೈ, ಎಲ್ಲಕ್ಕಿಂತ ಕೊನೆಗೆ ಪಾದ.

"ಪಾದ ಬರೋವರೆಗೂ ಉಸಿರಾಡ್ತಿರಲಿಲ್ಲ ಅವಳು," ಎಂದ. "ನೆಲ ಬಿಟ್ಟಿದೀನಾ ಇಲ್ವಾ ಅನ್ನೋದೊಂದೇ ಅವಳಿಗೆ."

ಅಕ್ಕ ದೊಡ್ಡ ನೃತ್ಯತಂಡ ಸೇರಿದಳು. ಹಾರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದಾಯಿತು. ತಮ್ಮ ಬೆನ್ನಿಗೇ ಹೋದ. ಅವಳ ಫೋಟೋ ನೋಡಿದ ನಾಟಕದವರು ಇವನನ್ನು ಕರೆದರು. ರಾಜನ ಪಾತ್ರದ ಒಬ್ಬರು ಇಪ್ಪತ್ತು ವರ್ಷ ಇವನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಕಿರೀಟ ಬರಲಿ, ಹೊಟ್ಟೆ ಬರಬಾರದು." ಇನ್ನೊಬ್ಬ ನಟಿಗೆ ಎಡಗೆನ್ನೆಯೇ ಬೇಕು. ಹಾಗಾಗಿ ಎಡಗೆನ್ನೆ ಕಾಣುವ ಜಾಗದಲ್ಲೇ ಎಲ್ಲ ದುಃಖವನ್ನೂ ಇಟ್ಟುಕೊಳ್ಳುತ್ತಿದ್ದಳು. ಎಲ್ಲಿ ನಗು ಬೀಳುತ್ತದೆ, ಎಲ್ಲಿ ಡೋಲು ಜೋರಾಗುತ್ತದೆ ಎಂದು ಇವನಿಗೆ ಬಾಯಿಪಾಠ. ಕ್ಯಾಮೆರಾದ ಸದ್ದು ಆ ಸದ್ದಿನೊಳಗೆ ಮುಚ್ಚಿಹೋಗಬೇಕು. ಸಂಜೆ ಆರರಿಂದ ಒಂಬತ್ತರವರೆಗೆ ಮನೆಯಲ್ಲಿರದ ಗಂಡಸಿಗೆ ಹೆಣ್ಣು ಕೊಡುವವರು ಯಾರು? ಒಬ್ಬರು ಕೊಡಲು ಬಂದಿದ್ದರು. ಹುಡುಗಿ ನೋಡಲು ಹೋದ ದಿನ ಹುಡುಗಿಯ ಮನೆಯ ಕಿಟಕಿಯ ಬೆಳಕನ್ನೇ ನೋಡುತ್ತಾ ಕೂತು, ಅವಳ ಹೆಸರು ಕೇಳುವುದನ್ನೇ ಮರೆತು ಬಂದ.

ಹದಿನೈದು ವರ್ಷದ ಹಿಂದೆ ಅಕ್ಕ ಬಿದ್ದಳು. ಹಾರಿದ್ದು ಸರಿಯಾಗಿತ್ತು, ಇಳಿದದ್ದು ತಪ್ಪಿತು. ಬಲ ಮಂಡಿ. ಏಳು ತಿಂಗಳು ಮನೆಯಲ್ಲಿದ್ದು ಮತ್ತೆ ರಂಗಕ್ಕೆ ಬಂದಳು. ಆ ದಿನ ಇವನು ಎಂದಿನಂತೆ ನಿಂತೇ ಫೋಟೋ ತೆಗೆದ. ಅದನ್ನು ನೋಡಿದ ಅಕ್ಕ ನಾಲ್ಕು ದಿನ ಅಭ್ಯಾಸಕ್ಕೆ ಹೋಗಲಿಲ್ಲ, ತಲೆ ಬಾಚಲಿಲ್ಲ.

"ನಿಂತು ತೆಗೆದ್ರೆ ನೆರಳು ಕಾಣುತ್ತೆ ಕಡ್ಡಿಯಮ್ಮ," ಎಂದು ಅವನು ಕಿಟಕಿಯ ಹತ್ತಿರ ನಿಂತ. "ಪಾದದ ನೆರಳು ನೆಲದ ಮೇಲೆ ಬೀಳುತ್ತಲ್ಲ. ಪಾದಕ್ಕೂ ನೆರಳಿಗೂ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ಹಾರಿದ್ದು. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಕ್ಯಾಮೆರಾನ ನೆಲಕ್ಕೆ ಇಳಿಸಿದ್ರೆ ನೆಲ ಒಂದು ಗೆರೆ ಆಗಿಬಿಡುತ್ತೆ. ನೆರಳು ಮಾಯ. ಗೆರೆ, ಅದರ ಮೇಲೆ ಒಂದಿಷ್ಟು ಬೆಳಕು, ಅದರ ಮೇಲೆ ಪಾದ. ಒಂದು ಅಡಿ ಹಾರಿದವಳು ಮೂರು ಅಡಿ ಕಾಣ್ತಾಳೆ."

ಮುಂದಿನ ಪ್ರದರ್ಶನಕ್ಕೆ ಅವನು ಕುರ್ಚಿಯಲ್ಲಿ ಕೂತ. ಅಕ್ಕ ಫೋಟೋ ನೋಡಿ, "ನೋಡಿದ್ಯಾ, ವಾಪಸ್ ಬಂತು" ಎಂದಳು. ತಲೆ ಬಾಚಿಕೊಂಡಳು. ಅಲ್ಲಿಂದ ಮುಂದೆ ಅಕ್ಕನ ಹಾರಾಟ ಒಂದು ಬೆರಳು ಇಳಿದರೆ ತಮ್ಮ ಒಂದು ಗೇಣು ಇಳಿದ. ಕುರ್ಚಿಯಿಂದ ಮಣೆಗೆ, ಮಣೆಯಿಂದ ಮಂಡಿಗೆ, ಮಂಡಿಯಿಂದ ಮೊಣಕೈಗೆ, ಕೊನೆಗೆ ಹೊಟ್ಟೆಗೆ. ಈಗ ಗಲ್ಲ ನೆಲಕ್ಕೆ ತಾಗಿ ಆರು ವರ್ಷ. ಇನ್ನು ಇಳಿಯಬೇಕಾದರೆ ರಂಗದ ಹಲಗೆ ಕೀಳಬೇಕು.

ಇದರಲ್ಲಿ ನಗೆಪಾಟಲಿನ ಭಾಗ ಬೇರೆಯೇ. ಜನ ಅದನ್ನು ಅವನ ಶೈಲಿ ಎಂದರು. ಪತ್ರಿಕೆಯವರು ಹೊಗಳಿದರು. ಒಂದು ಫಲಕ ಕೊಟ್ಟರು, ಅದು ಈಗ ಅಡುಗೆಮನೆಯ ಅಲುಗಾಡುವ ಮೇಜಿನ ಕಾಲ ಕೆಳಗಿತ್ತು. ಹೊಸದಾಗಿ ಈ ಕೆಲಸಕ್ಕೆ ಬಂದವರೆಲ್ಲ ಇವನನ್ನು ನೋಡಿ ನೆಲಕ್ಕೆ ಬಿದ್ದರು. ಒಂದು ನಾಟಕದಲ್ಲಿ ಮೂವರು ಸಾಲಾಗಿ ಮಲಗಿದ್ದನ್ನು ಕಂಡು ಮುಂದಿನ ಸಾಲಿನ ಅಜ್ಜಿಯೊಬ್ಬರು ಯಾರಿಗೋ ತಲೆ ಸುತ್ತು ಬಂದಿದೆ ಎಂದು ನೀರು ತಂದರಂತೆ.

"ಅಕ್ಕಂಗೆ ಗೊತ್ತಾಗಲಿಲ್ವಾ? ವಿಡಿಯೋ ಇದೆಯಲ್ಲ ಈಗ," ಎಂದಳು ಕಡ್ಡಿಯ ಅಮ್ಮ.

"ವಿಡಿಯೋದಲ್ಲಿ ಎಲ್ಲರೂ ಮೂಟೆ ಥರ ಕಾಣ್ತಾರೆ ಅಂತ ನೋಡೋದೇ ಇಲ್ಲ. ಕನ್ನಡಿ ಮುಂದೆ ಹಾರುವಾಗ ಕಣ್ಣು ಮುಚ್ತಾಳೆ. ನನ್ನ ಫೋಟೋ ಒಂದನ್ನೇ ನಂಬೋದು." ಎಂಟು ಹೆಜ್ಜೆ ಹೋದ, ಎಂಟು ಹೆಜ್ಜೆ ಬಂದ. "ಸೋಮವಾರ ಅವಳು ಒಂದು ಕಾಗದಕ್ಕೆ ಸಹಿ ಹಾಕ್ಬೇಕು. ತಂಡದವರು ಹೊಸ ನೃತ್ಯ ಕಟ್ಟಿದಾರೆ. ಎರಡು ತಿಂಗಳು ಊರೂರು ತಿರುಗೋದು. ದಿನಕ್ಕೆ ಇಪ್ಪತ್ತೆರಡು ಸಲ ಹಾರ್ಬೇಕು. ಆ ಮಂಡಿ ಇನ್ನೊಂದು ಸಲ ಹೋದ್ರೆ ಮೆಟ್ಟಿಲೂ ಹತ್ತೋಕಾಗಲ್ಲ ಅಂತ ಡಾಕ್ಟರು ಹೇಳಿದಾರೆ. ಶನಿವಾರ ಹಳೇ ನೃತ್ಯದ ಪ್ರದರ್ಶನ ಇದೆ, ಅದರಲ್ಲಿ ಮೂರು ಹಾರಾಟ. ಆ ಮೂರು ಫೋಟೋ ನೋಡಿ ತೀರ್ಮಾನ ಮಾಡ್ತೀನಿ ಅಂತಾಳೆ."

ಕಡ್ಡಿಯ ಅಮ್ಮ ಸ್ಟೂಲಿನಿಂದ ಎದ್ದಳು. ಹೇಳಬೇಕೆನಿಸಿದ್ದು ಬಹಳ ಇತ್ತು. ಆದರೆ ಮಗು ಏಳುವ ಹೊತ್ತು. "ಮೊದಲು ನಮ್ಮ ಕಪ್ಪೆಗೆ ಹೇಳಿ ಅಣ್ಣ. ಚಿಕ್ಕವರಿಂದ ಶುರು ಮಾಡಿದ್ರೆ ಬಾಯಿ ಸಲೀಸಾಗುತ್ತೆ."

ಬುಧವಾರ ಸಂಜೆ ಅವನು ಕೆಳಗೆ ಬಂದ. ಕಡ್ಡಿಯ ಬಟ್ಟೆಗೊಂಬೆಯನ್ನು ದಾರದಲ್ಲಿ ಕಟ್ಟಿ, ಕುರ್ಚಿಯ ಅಂಚಿನಿಂದ ನೆಲಕ್ಕೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದ. ಮಲಗಿ ಒಂದು ಫೋಟೋ, ನಿಂತು ಒಂದು ಫೋಟೋ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಎರಡನ್ನೂ ತೋರಿಸಿದ. ಮೊದಲನೆಯದರಲ್ಲಿ ಗೊಂಬೆ ಊಟದ ಮೇಜು ದಾಟಿ ಹಾರುತ್ತಿತ್ತು. ಎರಡನೆಯದರಲ್ಲಿ ಸುಮ್ಮನೆ ಜೋತುಬಿದ್ದಿತ್ತು.

ಕಡ್ಡಿ ಮೂಗನ್ನು ಪರದೆಗೆ ತಾಗಿಸಿ ನೋಡಿದಳು. "ಇದರಲ್ಲಿ ನೆರಳು ಕಾಲಿಗೆ ಅಂಟ್ಕೊಂಡಿದೆ."

"ಹೌದು."

"ನಾನೂ ಇಷ್ಟೇ ಹಾರಿದ್ದಾ?"

"ಇಷ್ಟೇ. ನಾಲ್ಕು ಬೆರಳು. ಕಪ್ಪೆಮರಿಗೆ ಅದು ಕಡಿಮೆ ಏನಲ್ಲ."

ಹುಡುಗಿ ತುಟಿ ಉಬ್ಬಿಸಿದಳು. ಅಳುತ್ತಾಳೆ ಎಂದು ಅಮ್ಮ ಹತ್ತಿರ ಸರಿದರೆ ಅಳಲಿಲ್ಲ. ಪ್ಲಾಸ್ಟರನ್ನು ಎತ್ತಿ ಹಲ್ಲಿ ಮಾಮನ ಮುಂದೆ ಹಿಡಿದಳು. "ಮೊದಲೇ ಹೇಳೋದಲ್ವಾ ಮಾಮ."

ಅವನು ಆ ಕೈಯನ್ನು ನೋಡುತ್ತಾ ಕೂತ. ಕೂತೇ ಇದ್ದ. ಕಾಲು ಅಲುಗಾಡದೆ ಅವನು ಅಷ್ಟು ಹೊತ್ತು ಒಂದು ಕಡೆ ಇದ್ದದ್ದನ್ನು ಕಡ್ಡಿಯ ಅಮ್ಮ ಅದೇ ಮೊದಲು ನೋಡಿದ್ದು. ಅಷ್ಟರಲ್ಲಿ ಕಡ್ಡಿಗೆ ಇನ್ನೊಂದು ಹೊಳೆಯಿತು. ಅವಳ ನೃತ್ಯದ ಟೀಚರ್ ಹಲ್ಲಿ ಮಾಮನ ಅಕ್ಕನೇ ಅಲ್ಲವೇ. ಕ್ಲಾಸಿನ ಗೋಡೆಯ ತುಂಬ ಟೀಚರ ಫೋಟೋಗಳು.

"ಹಾಗಾದ್ರೆ ಟೀಚರ್ ಫೋಟೋನೂ ಬಿದ್ಕೊಂಡೇ ತೆಗೆದಿದ್ದಾ? ಟೀಚರಿಗೆ ಗೊತ್ತಾ? ಅವರೂ ಮೆಟ್ಟಿಲಿಂದ ಹಾರಿಬಿಟ್ರೆ?"

"ಕಡ್ಡೀ, ಹಾಲು ಆರ್ತಿದೆ," ಎಂದಳು ಅಮ್ಮ.

ಆಮೇಲೆ ಛಾವಣಿಯ ಮೇಲಿನ ಹೆಜ್ಜೆ ಲೆಕ್ಕ ತಪ್ಪಿತು. ಎಂಟಕ್ಕೆ ಬದಲು ಐದು, ತಿರುಗಿ ಮೂರು, ನಿಂತಿತು, ಮತ್ತೆ ಹನ್ನೊಂದು. ಆ ಮನೆಯಲ್ಲಿ ಹನ್ನೊಂದು ಹೆಜ್ಜೆಗೆ ಜಾಗವೇ ಇಲ್ಲ. ಗೋಡೆಗೆ ಹಣೆ ಕೊಟ್ಟು ನಿಂತ ಕಡೆಯೇ ಕಾಲು ಹಾಕುತ್ತಿದ್ದನೇನೋ.

ಗುರುವಾರ ಕಡ್ಡಿಯ ಅಮ್ಮ ನಾಲ್ಕು ವಾರದ ರಜೆ ಕೇಳಲು ಕ್ಲಾಸಿಗೆ ಹೋದಳು. ಮಕ್ಕಳು ಇನ್ನೂ ಬಂದಿರಲಿಲ್ಲ. ಕ್ಲಾಸಿನ ಹಲಗೆ ನೆಲದ ಮೇಲೆ ಅಕ್ಕ ಕಾಲು ಚಾಚಿ ಕೂತಿದ್ದಳು, ಮಂಡಿಯ ಮೇಲೆ ಐಸಿನ ಚೀಲ. ನಲವತ್ತೇಳರ ಹೆಂಗಸು, ಕತ್ತು ನೆಟ್ಟಗೆ, ನಾಲಿಗೆ ಅದಕ್ಕಿಂತ ನೆಟ್ಟಗೆ. ಹಲ್ಲಿ ಮಾಮ ಗೋಡೆಯುದ್ದಕ್ಕೂ ಓಡಾಡುತ್ತಿದ್ದ.

"ಬಾಮ್ಮ. ಕಪ್ಪೆ ಕೈ ಮುರ್ಕೊಂಡ್ತಂತೆ," ಎಂದಳು ಅಕ್ಕ. "ಹಾರೋರ ಮೂಳೆ ಒಂದಲ್ಲ ಒಂದು ದಿನ ಮುರೀಲೇಬೇಕು. ನಾನು ಅವಳ ವಯಸ್ಸಲ್ಲಿ ಎರಡು ಸಲ ಮುರ್ಕೊಂಡಿದ್ದೆ. ಕೂತ್ಕೋ."

"ನೋವಿದೆಯಾ ಟೀಚರ್?" ಐಸಿನ ಕಡೆ ನೋಡಿ ಕೇಳಿದಳು.

"ಹಳೇ ಬಾಗಿಲು. ಕಿರುಗುಟ್ಟುತ್ತೆ, ಆದ್ರೆ ತೆರೆಯುತ್ತೆ." ತಮ್ಮನತ್ತ ಗಲ್ಲ ತಿರುಗಿಸಿದಳು. "ಇವನು ನೋಡು, ಬಂದಾಗಿಂದ ಹೋಗಬೇಡ ಹೋಗಬೇಡ ಅಂತ ಒಂದೇ ರಾಗ. ಯಾಕೋ ಅಂದ್ರೆ ವಯಸ್ಸಾಯ್ತು ಅಂತಾನೆ. ಹೋದ ತಿಂಗಳು ನೀನೇ ತೆಗೆದ ಫೋಟೋ ಅಲ್ಲಿದೆಯಲ್ಲೋ, ನೋಡು. ಎಷ್ಟು ಮೇಲಿದೀನಿ? ಇಪ್ಪತ್ತು ವರ್ಷದ ಹುಡುಗೀರು ಹಾರ್ತಾರಾ ಹೀಗೆ?"

"ಅಕ್ಕಾ, ಆ ಫೋಟೋ..."

"ಆ ಫೋಟೋ ಏನು?"

ಹಲ್ಲಿ ಮಾಮ ಗೋಡೆಯ ಫೋಟೋ ನೋಡಿದ. ಅಕ್ಕನ ಮಂಡಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಕಡ್ಡಿಯ ಅಮ್ಮನನ್ನು ನೋಡಿದ. "ಫ್ರೇಮು ಸ್ವಲ್ಪ ವಾಲಿದೆ," ಎಂದ, ಹೋಗಿ ಸರಿಮಾಡಿದ. ಅದು ವಾಲಿರಲಿಲ್ಲ. ಅವನು ಸರಿಮಾಡಿದ ಮೇಲೆ ವಾಲಿತು.

"ಬಾಯಲ್ಲಿ ಹೇಳೋದನ್ನ ನಾನು ಯಾವತ್ತೂ ಕೇಳಿದೋಳಲ್ಲ," ಎಂದಳು ಅಕ್ಕ, ಐಸಿನ ಚೀಲ ಮಗುಚುತ್ತಾ. "ಡಾಕ್ಟರು ಹೇಳ್ತಾರೆ, ನಮ್ಮನೆ ಯಜಮಾನರು ಹೇಳ್ತಾರೆ, ಈಗ ನೀನೂ ಶುರು ಮಾಡಿದ್ಯಾ. ಶನಿವಾರ ಮೂರು ಫೋಟೋ ತೆಗೆದು ತಂದು ಇಲ್ಲಿಡು. ನೆಲ ಬಿಟ್ಟಿದ್ರೆ ಹೋಗ್ತೀನಿ, ಬಿಟ್ಟಿಲ್ಲ ಅಂದ್ರೆ ಇಲ್ಲ. ಇಷ್ಟು ವರ್ಷದಲ್ಲಿ ನೀನೊಬ್ಬನೇ ಕಣೋ ನನಗೆ ಸುಳ್ಳು ಹೇಳದೇ ಇರೋನು."

ಅವನು ಕ್ಯಾಮೆರಾ ಚೀಲ ಎತ್ತಿಕೊಂಡು ಹೊರಟ. ಕಡ್ಡಿಯ ಅಮ್ಮ ರಜೆ ಕೇಳಿ ಮೆಟ್ಟಿಲಿಳಿದು ಬಂದಾಗ ಬಸ್‌ಸ್ಟಾಪಿನ ಕಟ್ಟೆಯ ಹತ್ತಿರ ಕಾಯುತ್ತಿದ್ದ. ಒಂದು ಬಸ್ಸು ಬಿಟ್ಟ, ಇನ್ನೊಂದನ್ನೂ ಬಿಟ್ಟ.

"ಹೇಳೋಕಾಗಲಿಲ್ಲ," ಎಂದ.

"ನೋಡಿದೆ. ಹೇಳೋದು ಬೇಡ ಅಣ್ಣ. ಹೇಗೂ ಅವರು ಕೇಳಲ್ಲ. ಶನಿವಾರ ನಿಂತ್ಕೊಂಡು ತೆಗೀರಿ, ಅಷ್ಟೇ. ನೋಡಿ ಅವರೇ ತಿಳ್ಕೊಳ್ತಾರೆ."

"ಆಮೇಲೆ ಹಳೇದೆಲ್ಲ ಏನು ಅಂತ ಕೇಳ್ತಾಳೆ. ಹದಿನೈದು ವರ್ಷದ ಗೋಡೆ ಇದೆಯಲ್ಲ."

"ಕೇಳ್ತಾರೆ. ಬೈತಾರೆ. ಮಾತು ಬಿಡ್ತಾರೋ ಏನೋ." ಅವಳು ಚೀಲದಿಂದ ಮಗುವಿನ ಟೋಪಿ ತೆಗೆದು ತಲೆಯ ಮೇಲೆ ಬಿಸಿಲಿಗೆ ಹಿಡಿದುಕೊಂಡಳು. "ಆದ್ರೆ ಮಂಡಿ ಇರುತ್ತಲ್ಲ."

ಅವನು ಮೂರನೆಯ ಬಸ್ಸು ಹತ್ತಿದ.

ಶುಕ್ರವಾರ ಮಧ್ಯಾಹ್ನ ರಂಗದ ಮೇಲೆ ಕೊನೆಯ ಅಭ್ಯಾಸ. ದೀಪ, ವೇಷ, ವಾದ್ಯ ಎಲ್ಲ ಹಾಕಿ, ಪ್ರೇಕ್ಷಕರಿಲ್ಲದೆ. ಹಲ್ಲಿ ಮಾಮ ಅಂದು ಬೇಕೆಂದೇ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಹೊರಟ. ಮೆಟ್ಟಿಲು ಇಳಿಯುವಾಗ ಕಡ್ಡಿ ನೋಡಿ, "ಮಾಮ, ಇವತ್ತು ನಿಂತ್ಕೊಂಡಾ?" ಎಂದು ಕೇಳಿದ್ದಕ್ಕೆ, "ಇವತ್ತು ನಿಂತ್ಕೊಂಡೇ," ಎಂದ. ಗಟ್ಟಿಯಾಗಿಯೇ ಹೇಳಿದ.

ಐದು ಗಂಟೆಗೆ ಮರಳಿ ಬಂದ. ಕಡ್ಡಿಯ ಅಮ್ಮ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಬಿಳಿ ಅಂಗಿಯ ಎದೆ, ಹೊಟ್ಟೆ, ತೋಳಿನ ಮೊಣಕೈ, ಎಲ್ಲ ಕಡೆ ಬೂದು ಧೂಳು. ಗಲ್ಲದ ಮೇಲೂ ಒಂದು ಪಟ್ಟೆ. ಅವನು ಅಂಗಿಯ ಕಡೆ ಒಮ್ಮೆ ನೋಡಿಕೊಂಡ, ಬೇರೆ ಯಾರೋ ತೊಡಿಸಿ ಕಳಿಸಿದ ಅಂಗಿಯೆಂಬಂತೆ. ಮೆಟ್ಟಿಲು ಹತ್ತಿ ಹೋದ. ಕಡ್ಡಿ ಕಿಟಕಿಯಿಂದ ನೋಡಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಗೆದ ಲಂಗವೊಂದನ್ನು ಅವಳ ತಲೆಯ ಮೇಲೆ ಎಸೆದಳು.

ಅಂದು ಅವಳು ಮಗುವಿನ ಮಾತ್ರೆಯ ಹೊತ್ತನ್ನು ಬರೆದಿಡುವ ಪುಸ್ತಕದಲ್ಲಿ, ಮಂಗಳವಾರ ಗುರುತು ಹಾಕಿಟ್ಟಿದ್ದ ಕಡ್ಡಿಯ ಪ್ರಶ್ನೆಯ ಕೆಳಗೆ, ಉತ್ತರ ಬರೆದಳು: ನಿಂತುಕೊಳ್ಳಲು ಬರುತ್ತದೆ. ಅಕ್ಕನ ಮುಂದೆ ಮಾತ್ರ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಕಡ್ಡಿಯನ್ನು ಸ್ನಾನ ಮಾಡಿಸುವುದೇ ಒಂದು ದೊಡ್ಡ ಕೆಲಸ. ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿ, ಕೈ ಮೇಲೆತ್ತಿ ಹಿಡಿದಿರು ಎಂದರೆ ಹುಡುಗಿ ತಲೆಯ ತುಂಬ ಸೋಪಿನ ನೊರೆಯಿಟ್ಟುಕೊಂಡು ಒಳಅಂಗಿಯಲ್ಲೇ ಅಂಗಳಕ್ಕೆ ಓಡಿದಳು. ರಾತ್ರಿಯ ಮಳೆಯ ನೀರು ನಿಂತ ಗುಂಡಿ ಅಲ್ಲೇ ಇತ್ತು. ಅವಳು ಮಂಡಿ ಬಗ್ಗಿಸಿ ಹಾರಲು ಸಿದ್ಧವಾಗುವುದಕ್ಕೂ ಅಮ್ಮ ಹಿಂದಿನಿಂದ ಬಂದು ಒಳಅಂಗಿಯ ಕತ್ತಿನ ಪಟ್ಟಿಗೆ ಕೈ ಹಾಕುವುದಕ್ಕೂ ಸರಿಹೋಯಿತು. ಕಡ್ಡಿ ಗುಂಡಿಯ ಮೇಲೆ ಅರೆಕ್ಷಣ ತೂಗಿ, ಒಣನೆಲಕ್ಕೆ ಇಳಿದಳು.

"ಕತ್ತು ಕತ್ತು," ಎಂದು ಕೂಗಾಡಿದಳು.

"ಕತ್ತು ಇದ್ದಲ್ಲೇ ಇದೆ. ನಡಿ ಒಳಗೆ."

ಮೆಟ್ಟಿಲಿನ ತಿರುವಿನಲ್ಲಿ, ಕಡ್ಡಿ ಹಾರಿದ್ದ ಅದೇ ಜಾಗದಲ್ಲಿ, ಹಲ್ಲಿ ಮಾಮ ನಿಂತು ನೋಡುತ್ತಿದ್ದ. ಮುಖ ಕ್ಷೌರ ಮಾಡಿಕೊಂಡಿದ್ದ. ಕಣ್ಣು ನಿದ್ದೆ ಕಂಡಂತಿರಲಿಲ್ಲ. ಕೆಳಗಿಳಿದು ಬಂದ, ಎರಡು ಮೆಟ್ಟಿಲು ಹತ್ತಿದ, ಮತ್ತೆ ಇಳಿದ.

"ಕಡ್ಡಿಯಮ್ಮ, ನಿನ್ನೆ ನಾನು ನಿಂತೇ ಇದ್ದೆ," ಎಂದ. "ನಿಜವಾಗಿ. ಕೊನೇ ನೃತ್ಯದವರೆಗೂ ನಿಂತಿದ್ದೆ. ಅವಳು ಓಡಿ ಬಂದ್ಲು, ಹಾರೋಕೆ ಮುಂಚೆ ಒಂದು ಉಸಿರು ತಗೋತಾಳೆ, ಹೆಗಲು ಹೀಗೆ ಏಳುತ್ತೆ. ಆ ಹೆಗಲು ಎದ್ದಿದ್ದು ಗೊತ್ತು. ಆಮೇಲೆ ಗೊತ್ತಾಗಿದ್ದು ಗಲ್ಲಕ್ಕೆ ಹಲಗೆ ತಾಗಿದಾಗಲೇ. ನನ್ನ ಮೈ ನನ್ನ ಮಾತು ಕೇಳಲ್ಲ."

"ಕಾಲಿಗೆ ಹಗ್ಗ ಕಟ್ಕೊಳ್ಳಿ ಮಾಮ," ಎಂದಳು ಕಡ್ಡಿ, ನೊರೆಯ ಒಳಗಿನಿಂದ.

"ಅದನ್ನೂ ಯೋಚನೆ ಮಾಡಿದೆ ಕಣೆ. ಮುಗ್ಗರಿಸಿ ಬಿದ್ರೆ ಮತ್ತೆ ನೆಲಕ್ಕೇ."

ಕಡ್ಡಿಯ ಅಮ್ಮ ಟವೆಲಿನಿಂದ ಮಗುವಿನ ತಲೆ ಒರೆಸುತ್ತಾ ಅವನ ಮುಖ ನೋಡಿದಳು. ಅವನು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಇನ್ನೂ ಒಳಅಂಗಿಯ ಪಟ್ಟಿಯನ್ನು ಬಿಡದೆ ಹಿಡಿದಿದ್ದ ಅವಳ ಎಡಗೈಯನ್ನು.

"ಸಂಜೆ ಆರೂವರೆಗೆ ಪರದೆ ಏಳುತ್ತೆ," ಎಂದ. "ನಾನು ಎಡಗಡೆ ಗೋಡೆ ಹತ್ತಿರ, ಮೂರನೇ ಸಾಲಿನ ಪಕ್ಕ ಇರ್ತೀನಿ. ಅಲ್ಲಿಂದ ನಿಂತು ನೋಡಿದ್ರೆ ನೆರಳು ಪೂರ್ತಿ ಕಾಣುತ್ತೆ, ಕೂತಿರೋ ಜನಕ್ಕೆ ಅಡ್ಡ ಬರಲ್ಲ. ಮೂರೇ ಮೂರು ಹಾರಾಟ, ಎಲ್ಲ ಕೊನೇ ನೃತ್ಯದಲ್ಲೇ. ಡೋಲು ಜೋರಾದಾಗ ನಿಮಗೇ ಗೊತ್ತಾಗುತ್ತೆ." ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಎಳೆದು, ಹೊಲಿಗೆ ಗಟ್ಟಿಯಿದೆಯೇ ಎಂದು ಪರೀಕ್ಷಿಸಿ, ಅವಳಿಗೂ ತೋರಿಸಿದ. "ಬಟ್ಟೆ ಗಟ್ಟಿ ಇರೋದನ್ನೇ ಹಾಕ್ಕೊಂಡಿದೀನಿ. ನೀವು ನನ್ನ ಹಿಂದೆ ನಿಂತ್ಕೊಳ್ತೀರಾ? ನಾನು ಬಗ್ಗೋಕೆ ಶುರು ಮಾಡಿದ್ರೆ, ಈಗ ಇವಳನ್ನ ಎಳೆದ್ರಲ್ಲ, ಹಾಗೇ ಎಳೀಬೇಕು. ನಾನು ಏನೇ ಅಂದ್ರೂ ಬಿಡಬಾರದು. ಅಷ್ಟು ಒಂದು ಉಪಕಾರ ಮಾಡಿ."